ರಿಮೋಟ್ ಒತ್ತಿದರೆ ಉತ್ತರವೇ ಇಲ್ಲ: ಐಆರ್ ರಿಸೀವರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯ ನಮ್ಮ ಮನೆಯಲ್ಲಿ ಭಾನುವಾರ ಊಟದ ಮೇಜು ಊಟಕ್ಕೆ ಸಿಗುವುದಿಲ್ಲ. ಬಿಲ್ಡಿಂಗಿನ ಮಕ್ಕಳು, ಅವರ ಗೆಳೆಯರು, ಕೆಲವು ಸಲ ಅವರ ಅಪ್ಪಂದಿರು ಕೂಡ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಕಾಲು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್ ಹಿಡಿದುಕೊಂಡು ಬಂದು ಕೂರುತ್ತಾರೆ. ಎಲ್ಲರ ಆಸೆಯೂ ಒಂದೇ: ಹಳೇ ಟಿವಿ ರಿಮೋಟಿನಿಂದ ಫ್ಯಾನ್, ಲೈಟ್ ಹಾಕಬೇಕು. ಸಿಕ್ಕಿಹಾಕಿಕೊಳ್ಳುವುದೂ ಒಂದೇ ಕಡೆ: ರಿಮೋಟಿನ ಬೆಳಕು ಹಿಡಿಯುವ, ಮೂರು ಕಾಲಿನ ಆ ಕಪ್ಪು ಐಆರ್ (ಇನ್‌ಫ್ರಾರೆಡ್) ರಿಸೀವರ್ ಹತ್ತಿರ. ಮೇಜಿನ ಮೇಲೆ, ಲೋಕಲ್ ಟ್ರೇನಿನಲ್ಲಿ, ಮಾತುಂಗದ ಒಂದು ಮದುವೆಮನೆಯಲ್ಲಿ, ರಾತ್ರಿ ಹನ್ನೊಂದರ ವಾಟ್ಸಾಪಿನಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

ನನ್ನದೊಂದು ಹಟ ಇದೆ, ಮೊದಲೇ ಹೇಳಿಬಿಡುತ್ತೇನೆ. ರಿಮೋಟಿನಿಂದ ಬೆಳಕು ಹೊರಟಿತಾ, ರಿಸೀವರ್ ಅದನ್ನು ಕಂಡಿತಾ, ಪಿನ್ ತನಕ ಬಂತಾ? ಈ ಮೂರಕ್ಕೂ ಹೌದು ಅನ್ನುವ ತನಕ ಕೋಡ್ ಮುಟ್ಟಬೇಡಿ.

## ಶುರು ಮಾಡುವವರಿಗೆ

ಅಂಕಲ್, ಇದರ ಒಳಗೆ ಇರೋದು ಸುಮ್ನೆ ಒಂದು ಫೋಟೋಡಯೋಡ್ ಅಲ್ವಾ?

ಬೆಳಕು ಬಿದ್ದರೆ ಕರೆಂಟ್ ಕೊಡುವ ಫೋಟೋಡಯೋಡ್ ಇದೆ, ಆದರೆ ಅದೊಂದೇ ಅಲ್ಲ. ಅದರ ಹಿಂದೆ ಆಂಪ್ಲಿಫೈಯರ್, ಫಿಲ್ಟರ್, ಸದ್ದು ಜಾಸ್ತಿಯಾದರೆ ಕಿವಿ ತಾನೇ ಮುಚ್ಚಿಕೊಳ್ಳುವ ಗೇನ್ ಕಂಟ್ರೋಲ್, ಎಲ್ಲವೂ ಆ ಸಣ್ಣ ಡಬ್ಬಿಯಲ್ಲಿವೆ. ರಿಮೋಟಿನ ಎಲ್‌ಇಡಿ ಸುಮಾರು 940 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ. ಅದನ್ನು ಸಾಮಾನ್ಯವಾಗಿ ಸೆಕೆಂಡಿಗೆ 38,000 ಸಲ ಮಿಣುಕಿಸುತ್ತದೆ. ಬಿಸಿಲಲ್ಲೂ ಬಲ್ಬಿನಲ್ಲೂ ಇನ್‌ಫ್ರಾರೆಡ್ ಇದ್ದೇ ಇದೆ, ಆದರೆ ಅವು ಈ ವೇಗದಲ್ಲಿ ಮಿಣುಕುವುದಿಲ್ಲ. ಸಂತೆಯ ಗಲಾಟೆಯಲ್ಲಿ ನಮ್ಮ ಮನೆಯವರ ಸಿಳ್ಳೆ ಗುರುತು ಹಿಡಿದ ಹಾಗೆ, ರಿಸೀವರ್ ಆ 38 ಕಿಲೋಹರ್ಟ್ಸಿನ ಆಸುಪಾಸಿನದನ್ನೇ ಆರಿಸಿಕೊಳ್ಳುತ್ತದೆ.

ನೆನಪಿಡಬೇಕಾದ್ದು ಇನ್ನೊಂದು. ಇದರ ಔಟ್‌ಪುಟ್ ತಲೆಕೆಳಗು. ಸುಮ್ಮನೆ ಇರುವಾಗ ಹೈ (ಹೆಚ್ಚುಕಮ್ಮಿ ಪವರಿನಷ್ಟೇ ವೋಲ್ಟ್), ಬೆಳಕು ಬಂದಾಗ ಲೋ (ಸೊನ್ನೆಯ ಹತ್ತಿರ). ಗೆರೆ ಹಿಡಿದು ಓಡುವ ರೋಬೋಟಿನ (ಲೈನ್ ಫಾಲೋವರ್) ಕಿಟ್ಟಿನಲ್ಲಿ ಬರುವ ಎರಡು ಕಾಲಿನ ಫೋಟೋಡಯೋಡ್ ಬೇರೆ ಸಾಮಾನು. ಅದನ್ನು ಇಲ್ಲಿ ಹಾಕಿದರೆ ಕೆಲಸ ಆಗುವುದಿಲ್ಲ.

ರಿಮೋಟ್ ಸರಿ ಇದೆಯಾ ಅಂತ ಹೇಗೆ ನೋಡೋದು?

ಫೋನಿನ ಕ್ಯಾಮೆರಾ ಆನ್ ಮಾಡಿ, ರಿಮೋಟಿನ ಮೂತಿಯನ್ನು ಅದರ ಕಡೆ ತಿರುಗಿಸಿ ಬಟನ್ ಒತ್ತಿ. ಸ್ಕ್ರೀನಿನಲ್ಲಿ ನೇರಳೆ ಅಥವಾ ಬಿಳಿ ಚುಕ್ಕೆ ಮಿಣುಕಿದರೆ ರಿಮೋಟ್ ಜೀವಂತ. ಸೆಲ್ಫಿ ಕ್ಯಾಮೆರಾದಲ್ಲೇ ನೋಡಿ. ಎಷ್ಟೋ ಫೋನುಗಳ ಹಿಂದಿನ ಕ್ಯಾಮೆರಾದಲ್ಲಿ ಇನ್‌ಫ್ರಾರೆಡ್ ತಡೆಯುವ ಗಾಜು ದಪ್ಪ. ಟಿವಿಗೆ ಸಿಕ್ಕಿಸುವ ಸ್ಮಾರ್ಟ್ ಸ್ಟಿಕ್‌ಗಳ ರಿಮೋಟ್ ಹೆಚ್ಚಾಗಿ ಬ್ಲೂಟೂತ್‌ನಲ್ಲಿ ಮಾತಾಡುತ್ತದೆ. ಅದನ್ನು ರಿಸೀವರ್ ಮುಂದೆ ದಿನವಿಡೀ ಒತ್ತಿದರೂ ಪ್ರಯೋಜನ ಇಲ್ಲ.

ಲ್ಯಾಮಿಂಗ್ಟನ್ ರೋಡಿನಲ್ಲಿ 1738 ಅಂತ ಕೇಳಿ ತಂದೆ. ಜೋಡಿಸಿದ ಕೂಡಲೇ ಸುಡ್ತಾ ಇದೆಯಲ್ಲ?

ತಕ್ಷಣ ಪವರ್ ತೆಗೆಯಿರಿ. ಕಾಲು ಅದಲುಬದಲಾಗಿದೆ.

ಅಂಗಡಿಯಲ್ಲಿ "1738" ಅನ್ನುವುದು ಈಗ ಒಂದು ಪಾರ್ಟಿನ ನಂಬರಲ್ಲ, ಇಡೀ ಜಾತಿಯ ಹೆಸರು. ಜೆರಾಕ್ಸ್ ಅಂದ ಹಾಗೆ. ನಿಜವಾದ ಟಿಎಸ್‌ಒಪಿ 1738 ಹಳೆಯದು. ಗುಮ್ಮಟ ನಿಮ್ಮ ಕಡೆ, ಕಾಲು ಕೆಳಗೆ ಇರುವ ಹಾಗೆ ಹಿಡಿದರೆ ಅದರಲ್ಲಿ ಎಡದಿಂದ ಗ್ರೌಂಡ್, ಪವರ್, ಔಟ್‌ಪುಟ್. ಈಗ ಜಾಸ್ತಿ ಸಿಗುವ ಟಿಎಸ್‌ಒಪಿ 38238, ವಿಎಸ್ 1838ಬಿ ಎರಡರಲ್ಲೂ ಎಡದಿಂದ ಔಟ್‌ಪುಟ್, ಗ್ರೌಂಡ್, ಪವರ್. ಹಳೇ ಚಿತ್ರ ನೋಡಿ ಹೊಸ ಪಾರ್ಟ್ ಜೋಡಿಸಿದರೆ ಗ್ರೌಂಡ್ ಕಾಲಿಗೆ 5 ವೋಲ್ಟ್ ಹೋಗುತ್ತದೆ. ಸುಡದೆ ಇನ್ನೇನು ಮಾಡೀತು?

ನಾನೂ ಒಮ್ಮೆ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗಿ, ಎಲೆಕ್ಟ್ರಾನಿಕ್ಸ್ ಸಾಮಾನಿನ ಈ ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ಹತ್ತು ಪೀಸ್ ತಂದಿದ್ದೆ. ಚೀಟಿಯ ಮೇಲೆ 1738 ಅಂತ ದೊಡ್ಡದಾಗಿ ಬರೆದಿತ್ತು. ಮೂರು ಸುಟ್ಟ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಮೈಮೇಲೆ ಬೇರೆ ನಂಬರ್. ಹಾಗಾಗಿ ಚೀಟಿ ನಂಬಬೇಡಿ, ಮೈಮೇಲಿನ ನಂಬರ್ ಓದಿ, ಅದೇ ನಂಬರಿನ ಡೇಟಾಶೀಟ್, ಅಂದರೆ ತಯಾರಕರ ವಿವರದ ಹಾಳೆ, ತೆಗೆಯಿರಿ. ಪುಣೆಯವರು ಬುಧವಾರ ಪೇಟೆಯಲ್ಲಿ ಕೊಂಡರೂ ಇದೇ ಮಾತು. ಒಂದೆರಡು ಸೆಕೆಂಡು ಉಲ್ಟಾ ಕೊಟ್ಟಿದ್ದರೆ ಬದುಕಿರಲೂಬಹುದು, ಆರಿದ ಮೇಲೆ ಸರಿಯಾಗಿ ಜೋಡಿಸಿ ಪರೀಕ್ಷಿಸಿ.

ಬೋರ್ಡ್ ಮೇಲೆ ಕೂರಿಸಿದ ಮಾಡ್ಯೂಲ್ ತಗೊಂಡ್ರೆ ಈ ತಲೆನೋವು ಇಲ್ಲ ಅಲ್ವಾ?

ಸ್ವಲ್ಪ ಕಮ್ಮಿ. ಸಿಗ್ನಲ್ ಬಂದಾಗ ಮಿಣುಕುವ ಒಂದು ಎಲ್‌ಇಡಿ ಅದರಲ್ಲಿರುತ್ತದೆ, ಅದು ದೊಡ್ಡ ಉಪಕಾರ. ಆದರೆ ಪಿನ್‌ಗಳ ಕ್ರಮ ಒಬ್ಬೊಬ್ಬ ತಯಾರಕರದು ಒಂದೊಂದು ಥರ. ಬೋರ್ಡಿನ ಮೇಲಿನ ಅಕ್ಷರ ತಪ್ಪಾಗಿ ಅಚ್ಚಾದ ಮಾಡ್ಯೂಲನ್ನೂ ನಾನು ನೋಡಿದ್ದೇನೆ. ರಿಸೀವರಿನ ಕಾಲಿನಿಂದ ಪಿನ್ ತನಕ ಮಲ್ಟಿಮೀಟರಿನ ಬೀಪ್ ಇಟ್ಟು ನೋಡಿ, ಅರ್ಧ ನಿಮಿಷದ ಕೆಲಸ.

5 ವೋಲ್ಟ್ ಕೊಡಬೇಕಾ, 3.3 ಕೊಡಬೇಕಾ?

ಹಳೇ 1738ಕ್ಕೆ 4.5ರಿಂದ 5.5 ವೋಲ್ಟ್ ಬೇಕು, 3.3 ಕೊಟ್ಟರೆ ಕೆಲಸ ಮಾಡುತ್ತದೆ ಅನ್ನುವ ಭರವಸೆ ಇಲ್ಲ. 38238 ಎಂಬುದು 2.5ರಿಂದ 5.5ರ ತನಕ ಎಲ್ಲಿ ಬೇಕಾದರೂ ನಡೆಯುತ್ತದೆ. ಇಲ್ಲಿ ನಿಯಮ ಸರಳ: ಮೈಕ್ರೋಕಂಟ್ರೋಲರ್ (ಆರ್ಡುಯಿನೋ ಥರದ ಬೋರ್ಡಿನ ಮಿದುಳು) ಯಾವ ವೋಲ್ಟಿನದೋ ರಿಸೀವರಿಗೂ ಅದೇ ಕೊಡಿ. 3.3 ವೋಲ್ಟಿನ, ವೈಫೈ ಇರುವ ಇಎಸ್‌ಪಿ ಬೋರ್ಡಿಗೆ ಜೋಡಿಸಿ ರಿಸೀವರಿಗೆ ಮಾತ್ರ 5 ಕೊಟ್ಟರೆ, ಔಟ್‌ಪುಟ್ 5 ವೋಲ್ಟಿಗೆ ಏರಿ 3.3ರ ಪಿನ್ನಿಗೆ ಹೋಗುತ್ತದೆ. ಇವತ್ತು ನಡೆದೀತು, ನಾಳೆ ಪಿನ್ ಸತ್ತೀತು.

ನನ್ನ ಹತ್ರ ಆಸಿಲೋಸ್ಕೋಪ್ ಇಲ್ಲ ಸರ್. ರಿಸೀವರ್ ಬದುಕಿದೆಯಾ ಅಂತ ಹೇಗೆ ತಿಳಿಯೋದು?

ಒಂದು ಎಲ್‌ಇಡಿ, ಒಂದು 1 ಕಿಲೋಓಮ್ ರೆಸಿಸ್ಟರ್ ಸಾಕು. ಮೈಕ್ರೋಕಂಟ್ರೋಲರ್ ತೆಗೆದಿಡಿ. ರಿಸೀವರಿಗೆ ಬರೀ 5 ವೋಲ್ಟ್ ಮತ್ತು ಗ್ರೌಂಡ್ ಕೊಡಿ. 5 ವೋಲ್ಟಿನಿಂದ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು. ಗಿಡ್ಡ ಕಾಲು ರಿಸೀವರಿನ ಔಟ್‌ಪುಟ್ಟಿಗೆ. ರಿಮೋಟ್ ಒತ್ತಿದಾಗ ಎಲ್‌ಇಡಿ ಮಿಣಮಿಣ ಅಂದರೆ ರಿಮೋಟೂ ಸರಿ, ರಿಸೀವರೂ ಸರಿ. ಎಲ್‌ಇಡಿಯನ್ನು ಔಟ್‌ಪುಟ್ಟಿನಿಂದ ಗ್ರೌಂಡಿಗೆ ಹಾಕಬೇಡಿ, ಔಟ್‌ಪುಟ್ ತಲೆಕೆಳಗು ಅಂತ ಮೇಲೆ ಹೇಳಿದ್ದೆನಲ್ಲ.

ಮಲ್ಟಿಮೀಟರಿನಲ್ಲೂ ಗೊತ್ತಾಗುತ್ತದೆ. ಸುಮ್ಮನೆ ಇದ್ದಾಗ ಔಟ್‌ಪುಟ್ ಹೆಚ್ಚುಕಮ್ಮಿ ಪವರಿನಷ್ಟೇ ಇರಬೇಕು. ಬಟನ್ ಒತ್ತಿ ಹಿಡಿದರೆ ಅಂಕಿ ಸ್ವಲ್ಪ ಇಳಿದು ಅಲುಗಾಡುತ್ತದೆ. ಸೊನ್ನೆಗೆ ಬೀಳಲಿಲ್ಲ ಅಂತ ಗಾಬರಿ ಬೇಡ. ಮೀಟರ್ ತೋರಿಸುವುದು ಸರಾಸರಿ, ಸಿಗ್ನಲ್ ಲೋ ಇರುವುದು ಸ್ವಲ್ಪವೇ ಹೊತ್ತು.

## ಬೆಳಕು ಬರುತ್ತಿದೆ, ಅರ್ಥ ಆಗುತ್ತಿಲ್ಲ

ವಿಡಿಯೋದಲ್ಲಿ ಇದ್ದ ಕೋಡನ್ನೇ ಹಾಕಿದೆ. ಅವರಿಗೆ ಬಂದ ನಂಬರ್ ನನಗ್ಯಾಕೆ ಬರ್ತಿಲ್ಲ?

ಲೈಬ್ರರಿಯ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ, ಆವೃತ್ತಿ ಬೇರೆ, ಅಷ್ಟೇ. ಆರ್ಡುಯಿನೋದಲ್ಲಿ ಎಲ್ಲರೂ ಬಳಸುವ ಐಆರ್‌ರಿಮೋಟ್ ಲೈಬ್ರರಿ 2ನೇ ಆವೃತ್ತಿಯಿಂದ 3ಕ್ಕೆ ಬರುವಾಗ ಪೂರ್ತಿ ಬದಲಾಯಿತು. ಹಳೇ ಕೋಡ್ ಹೊಸದರಲ್ಲಿ ಕಂಪೈಲ್ ಆಗದೆ ಇರಬಹುದು. ಕಂಪೈಲ್ ಆದರೂ ನಂಬರ್ ಬೇರೆ ಬರುತ್ತದೆ, ಯಾಕೆಂದರೆ ಬಿಟ್‌ಗಳನ್ನು ಓದುವ ದಿಕ್ಕೇ ಬದಲಾಗಿದೆ. ಕಿಟ್ಟಿನ ಜೊತೆ ಬರುವ ಸಣ್ಣ ಬಿಳೀ ರಿಮೋಟ್ ಇದೆಯಲ್ಲ, ಅದರ ಮೊದಲ ಬಟನ್ನಿಗೆ ಹಳೇ ಲೈಬ್ರರಿ "ಎಫ್‌ಎಫ್‌ಎ25ಡಿ" ಅನ್ನುತ್ತಿತ್ತು. ಹೊಸದು "ಬಿಎ45ಎಫ್‌ಎಫ್00" ಅನ್ನುತ್ತದೆ. ಎರಡೂ ಒಂದೇ ಸಿಗ್ನಲ್. ಒಂದು ಎಡದಿಂದ ಓದಿದ್ದು, ಇನ್ನೊಂದು ಬಲದಿಂದ.

ಪರರ ನಂಬರ್ ಕಾಪಿ ಮಾಡಬೇಡಿ. ನಿಮ್ಮ ರಿಮೋಟ್ ಒತ್ತಿ, ಬಂದದ್ದನ್ನು ಬರೆದುಕೊಳ್ಳಿ. ಹೊಸ ಲೈಬ್ರರಿಯಲ್ಲಿ ಉದ್ದದ ನಂಬರ್ ಬದಲು "ಕಮಾಂಡ್" ಭಾಗ ಮಾತ್ರ ಬಳಸಿದರೆ ಇನ್ನೂ ಸುಲಭ. ಈ ಬಟನ್ನಿಗೆ ಅದು ಬರೀ 45 (ಹೆಕ್ಸ್ ಲೆಕ್ಕದಲ್ಲಿ). ಸೀರಿಯಲ್ ಮಾನಿಟರಿನಲ್ಲಿ ಕಸದಂಥ ಅಕ್ಷರ ಬಂದರೆ ಐಆರ್ ತಪ್ಪಲ್ಲ, ಕೋಡಿನಲ್ಲಿ ಸ್ಪೀಡ್ 115200 ಇದ್ದು ಮಾನಿಟರಿನಲ್ಲಿ 9600 ಇದೆ.

ಫಸ್ಟ್ ಟೈಮ್ ಒತ್ತಿದಾಗ ಬರುತ್ತೆ, ಆಮೇಲೆ ಸತ್ತೇ ಹೋಗುತ್ತೆ.

"ರೆಸ್ಯೂಮ್" ಕರೆಯುವುದನ್ನು ಮರೆತಿದ್ದೀರಿ, ಇಲ್ಲವೇ ಯಾವುದೋ ಇಫ್ ಒಳಗೆ ಅದು ಸಿಕ್ಕಿಕೊಂಡಿದೆ. ಒಂದು ಕೋಡ್ ಓದಿದ ಮೇಲೆ ಲೈಬ್ರರಿ ಕೈಕಟ್ಟಿ ಕೂರುತ್ತದೆ, ಮುಂದಿನದನ್ನು ಕೇಳು ಅಂತ ಹೇಳಬೇಕು.

ಬಟನ್ ಒತ್ತಿ ಹಿಡಿದ್ರೆ ಎಂಟು ಎಫ್ ಸಾಲಾಗಿ ಬರುತ್ತೆ. ರಿಮೋಟ್ ಕೆಟ್ಟಿದೆಯಾ?

ಇಲ್ಲ. ಅದು ಎನ್‌ಇಸಿ ಪ್ರೋಟೋಕಾಲಿನ (ಬಹಳ ರಿಮೋಟುಗಳು ಆಡುವ ಒಂದು ಭಾಷೆ ಅನ್ನಿ) "ಅದೇ, ಅದೇ" ಅನ್ನುವ ಮಾತು. ಮೊದಲ ಸಲ ಪೂರ್ತಿ 32 ಬಿಟ್ ಕಳಿಸುತ್ತದೆ. ಬೆರಳು ತೆಗೆಯದಿದ್ದರೆ ಸುಮಾರು 108 ಮಿಲಿಸೆಕೆಂಡಿಗೊಮ್ಮೆ ಒಂದು ಚಿಕ್ಕ ರಿಪೀಟ್ ಸಿಗ್ನಲ್ ಮಾತ್ರ. ಹಳೇ ಲೈಬ್ರರಿ ಅದನ್ನು ಎಂಟು ಎಫ್ ಅಂತ ತೋರಿಸುತ್ತಿತ್ತು, ಹೊಸದರಲ್ಲಿ ರಿಪೀಟ್ ಅಂತ ಫ್ಲ್ಯಾಗ್ ಬರುತ್ತದೆ. ವಾಲ್ಯೂಮ್ ಥರದ ಬಟನ್ನಿಗೆ ಕೊನೆಯ ಕಮಾಂಡನ್ನು ನೆನಪಿಟ್ಟು ಮತ್ತೆ ಮಾಡಿಸಿ. ಲೈಟ್ ಆನ್-ಆಫ್ ಬಟನ್ನಿಗೆ ರಿಪೀಟನ್ನು ಬಿಟ್ಟುಬಿಡಿ, ಇಲ್ಲದಿದ್ದರೆ ಒಂದು ಸಲ ಒತ್ತಿದ್ದಕ್ಕೆ ರಿಲೇ ಟಕಟಕ ಅಂತ ಕುಣಿಯುತ್ತದೆ.

ಒಂದೇ ಬಟನ್, ಒಂದು ಸಲ ಒಂದು ಕೋಡ್, ಇನ್ನೊಂದು ಸಲ ಇನ್ನೊಂದು. ಇದೇನು?

ಫಿಲಿಪ್ಸ್ ಕಂಪನಿ ಹುಟ್ಟುಹಾಕಿದ ಆರ್‌ಸಿ5 ಪ್ರೋಟೋಕಾಲ್ ಇರಬೇಕು. ಅದರಲ್ಲಿ ಟಾಗಲ್ ಬಿಟ್ ಅಂತ ಒಂದಿದೆ. ಬೆರಳು ಎತ್ತಿ ಮತ್ತೆ ಒತ್ತಿದಾಗಲೆಲ್ಲ ಅದು ಬದಲಾಗುತ್ತದೆ. ಒತ್ತಿ ಹಿಡಿದಿದ್ದಾರಾ, ಎರಡು ಸಲ ಒತ್ತಿದ್ದಾರಾ ಅಂತ ಟಿವಿಗೆ ಗೊತ್ತಾಗಲಿ ಅಂತ ಈ ಜಾಣತನ. ಎರಡು ಕೋಡುಗಳ ನಡುವಿನ ವ್ಯತ್ಯಾಸ ಸರಿಯಾಗಿ 2048 ಇದ್ದರೆ ಅನುಮಾನವೇ ಬೇಡ. ಆ ಬಿಟ್ ಬಿಟ್ಟು ಹೋಲಿಸಿ.

ಮಾರಾಯ್ರೇ, ಹೋಟೆಲಿನಲ್ಲಿ ಯಾರೂ ರಿಮೋಟ್ ಮುಟ್ಟದೆ ಫ್ಯಾನ್ ಆನ್-ಆಫ್ ಆಗ್ತದೆ. ಎಂಥ ಭೂತ ಇದು?

ಘಾಟ್‌ಕೋಪರಿನಲ್ಲಿ ಹೋಟೆಲ್ ನಡೆಸುವ ಪರಿಚಯದವರ ಪ್ರಶ್ನೆ ಇದು. ನಾನು ಹೋಗಿ ನೋಡಿದಾಗ ರಿಸೀವರ್ ಕೂತಿದ್ದು ಟ್ಯೂಬ್‌ಲೈಟಿನ ಕೆಳಗೆ, ಒಂದು ಗೇಣು ದೂರದಲ್ಲಿ. ಎಲೆಕ್ಟ್ರಾನಿಕ್ ಚೋಕ್ ಇರುವ ಟ್ಯೂಬ್‌ಲೈಟ್, ಸಿಎಫ್‌ಎಲ್‌ಗಳು ಹತ್ತಾರು ಕಿಲೋಹರ್ಟ್ಸಿನಲ್ಲಿ ಮಿಣುಕುತ್ತವೆ. ನಮ್ಮ 38ರ ಪಕ್ಕದ ಮನೆಯವರೇ ಅನ್ನಿ. ಲೈಟ್ ಆರಿಸಿದ ಕೂಡಲೇ ಭೂತ ಓಡಿಹೋಯಿತು. ರಿಸೀವರನ್ನು ಕ್ಯಾಶ್ ಕೌಂಟರಿನ ಪಕ್ಕಕ್ಕೆ ಸರಿಸಿ, ಸುತ್ತ ಒಂದು ಕಪ್ಪು ಕೊಳವೆಯ ತುಂಡು ಹಾಕಿದೆವು. ಒಂದು ಫಿಲ್ಟರ್ ಕಾಫಿಗೆ ಮುಗಿದ ರಿಪೇರಿ.

ಲೈಟ್ ಆರಿಸಿದರೂ ಹೋಗದಿದ್ದರೆ ಪವರ್ ಲೈನ್ ನೋಡಿ. ಅದೇ 5 ವೋಲ್ಟಿನಲ್ಲಿ ರಿಲೇ, ಮೋಟರ್ ಇದ್ದರೆ ಅವುಗಳ ಗಲಾಟೆ ರಿಸೀವರಿನ ಒಳಗೇ ಹೋಗುತ್ತದೆ. ಪವರ್ ಕಾಲಿಗೆ ಸರಣಿಯಲ್ಲಿ 100 ಓಮ್, ರಿಸೀವರಿನ ಕಾಲಿಗೆ ಅಂಟಿದ ಹಾಗೆ ಗ್ರೌಂಡಿಗೆ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಎರಡು ರೂಪಾಯಿಯ ಈ ಸಾಮಾನನ್ನು ಹಾಕದೆ ವಾರಗಟ್ಟಲೆ ಕೋಡ್ ತಿದ್ದಿದವರು ನನಗೆ ಗೊತ್ತು. ಕೋಡಿನಲ್ಲೂ ಒಂದು ಜರಡಿ ಇರಲಿ: "ಅನ್‌ನೋನ್" ಅಂತ ಬಂದದ್ದನ್ನೆಲ್ಲ ಬಿಸಾಕಿ, ಸಿಗ್ನಲ್ಲಿನೊಳಗೆ ರಿಮೋಟಿನ ಗುರುತು ಹೇಳುವ ಅಡ್ರೆಸ್ ನಿಮ್ಮದಕ್ಕೆ ಹೊಂದಿದರೆ ಮಾತ್ರ ಕೆಲಸ ಮಾಡಿಸಿ.

ಹತ್ತಿರದಿಂದ ಒತ್ತಿದ್ರೆ ಸರಿ, ಎರಡು ಅಡಿ ಹಿಂದೆ ಹೋದ್ರೆ ಇಲ್ಲ.

ರಿಮೋಟಿನ ಸೆಲ್ ಬದಲಿಸಿ ನೋಡಿದಿರಾ? ಆಮೇಲೆ ಬಿಸಿಲು. ಬಾಲ್ಕನಿಯ ಕಡೆ ಮುಖ ಮಾಡಿ ಇಟ್ಟ ರಿಸೀವರ್ ಮಧ್ಯಾಹ್ನ ಅರೆಕುರುಡು. ಮೂರನೆಯದು ಫ್ರೀಕ್ವೆನ್ಸಿ: ಆರ್‌ಸಿ5 ರಿಮೋಟ್ 36, ಸೋನಿ ರಿಮೋಟ್ 40 ಕಿಲೋಹರ್ಟ್ಸ್. 38ರ ರಿಸೀವರ್ ಅವನ್ನೂ ಕೇಳುತ್ತದೆ, ಆದರೆ ದೂರ ಕಮ್ಮಿಯಾಗುತ್ತದೆ. ಡಬ್ಬಿಯೊಳಗೆ ಕೂರಿಸಿದ್ದರೆ ಮುಂದಿನ ಪ್ಲಾಸ್ಟಿಕ್ ಸಂಶಯ ಪಡಿ. ಕಣ್ಣಿಗೆ ಕಪ್ಪು ಕಂಡರೂ ಇನ್‌ಫ್ರಾರೆಡ್ ಬಿಡುವ ಪ್ಲಾಸ್ಟಿಕ್ ಇದೆ, ಬಿಡದ್ದೂ ಇದೆ. ಫೋನಿನ ಕ್ಯಾಮೆರಾ ಮುಂದೆ ಅದನ್ನು ಹಿಡಿದು ಹಿಂದಿನಿಂದ ರಿಮೋಟ್ ಒತ್ತಿದರೆ ತಿಳಿಯುತ್ತದೆ.

ಏಪ್ರಿಲಿನಲ್ಲಿ ಚೆನ್ನಾಗಿತ್ತು. ಜುಲೈನಲ್ಲಿ ಒಮ್ಮೊಮ್ಮೆ ಮಾತ್ರ ಕೆಲಸ ಮಾಡುತ್ತೆ.

ಮುಂಬೈ ಮಳೆಗಾಲ! ಪಾಪಡ್ ಮೆತ್ತಗಾಗುವ ಹವೆಯಲ್ಲಿ ಬ್ರೆಡ್‌ಬೋರ್ಡಿನ ಕ್ಲಿಪ್ಪು, ರಿಸೀವರಿನ ಕಾಲು ಎರಡೂ ಮಂಕಾಗುತ್ತವೆ. ಕಾಲು ಕೆರೆದು ಮತ್ತೆ ಚುಚ್ಚಿದರೆ ನಾಲ್ಕು ದಿನ ನಡೆಯುತ್ತದೆ. ಕಾಯಂ ಬೇಕಾದರೆ ಸೋಲ್ಡರ್ ಮಾಡಿ.

## ಇನ್ನೂ ಮುಂದೆ ಹೋದವರಿಗೆ

ನೋಡ್‌ಎಂಸಿಯು ಬೋರ್ಡಿಗೆ ಜೋಡಿಸಿದ ಮೇಲೆ ಒಮ್ಮೆ ಬೂಟ್ ಆಗುತ್ತೆ, ಒಮ್ಮೆ ಆಗಲ್ಲ ಅಣ್ಣ.

ಪಿನ್ ಆಯ್ಕೆ ತಪ್ಪಿದೆ. ನೋಡ್‌ಎಂಸಿಯು ಬೋರ್ಡಿನಲ್ಲಿರುವ ಇಎಸ್‌ಪಿ 8266 ಎದ್ದೇಳುವಾಗ ಕೆಲವು ಪಿನ್‌ಗಳನ್ನು ನೋಡಿಕೊಂಡು ಏಳುತ್ತದೆ. ಡಿ3 ಲೋ ಇದ್ದರೆ "ಪ್ರೋಗ್ರಾಂ ಹಾಕಲು ಬಂದಿದ್ದಾರೆ" ಅಂದುಕೊಂಡು ಕಾಯುತ್ತಾ ಕೂರುತ್ತದೆ. ಪವರ್ ಬರುವ ಹೊತ್ತಿಗೆ ಯಾರಾದರೂ ರಿಮೋಟ್ ಒತ್ತಿದರೆ ಸಾಕು. ಡಿ8 ಲೋ ಇರಲೇಬೇಕು, ಅದಕ್ಕೆ ಬೋರ್ಡಿನಲ್ಲೇ ಕೆಳಗೆಳೆಯುವ ರೆಸಿಸ್ಟರ್ ಇದೆ. ರಿಸೀವರ್ ಮೇಲಕ್ಕೆ ಜಗ್ಗುತ್ತದೆ. ಈ ಹಗ್ಗಜಗ್ಗಾಟದಲ್ಲಿ ಒಂದೋ ಬೂಟ್ ಕೆಡುತ್ತದೆ, ಇಲ್ಲವೇ ಸಿಗ್ನಲ್ ಸರಿಯಾಗಿ ಹೈ ಆಗುವುದೇ ಇಲ್ಲ. ಡಿ0ಗೆ ಇಂಟರಪ್ಟ್ (ಮಾಡುತ್ತಿದ್ದ ಕೆಲಸ ಬಿಟ್ಟು ಪಿನ್ ಕಡೆ ತಿರುಗುವ ವ್ಯವಸ್ಥೆ) ಇಲ್ಲ, ಹಾಗಾಗಿ ಅದೂ ಬೇಡ. ಡಿ2 ಅಥವಾ ಡಿ5 ಬಳಸಿ ನಿಶ್ಚಿಂತೆಯಾಗಿರಿ. ಕೋಡಿನಲ್ಲಿ ಮಾತ್ರ ಡಿ5 ಅಂತಲೇ ಬರೆಯಿರಿ. ಬರೀ 5 ಅಂತ ಬರೆದರೆ ಅದು ಡಿ1 ಆಗುತ್ತದೆ! ಇಎಸ್‌ಪಿ 32ರಲ್ಲಿ 12ನೇ ಪಿನ್ ಬಿಡಿ, ಅಲ್ಲೂ ಇದೇ ಬೂಟ್ ಕಥೆ.

ಐಆರ್ ಸೇರಿಸಿದ ಮೇಲೆ ಬಜರ್ ಕೂಗುತ್ತಿಲ್ಲ, ಮೋಟರಿನ ಸ್ಪೀಡೂ ಹೋಯ್ತು.

ಆರ್ಡುಯಿನೋ ಊನೋ ಬೋರ್ಡಿನಲ್ಲಿ ಐಆರ್‌ರಿಮೋಟ್ ಲೈಬ್ರರಿ 2ನೇ ಟೈಮರನ್ನು ಇಟ್ಟುಕೊಳ್ಳುತ್ತದೆ. "ಟೋನ್" ಫಂಕ್ಷನ್ನಿಗೂ ಅದೇ ಬೇಕು. 3 ಮತ್ತು 11ನೇ ಪಿನ್‌ಗಳಲ್ಲಿ ಮೋಟರಿನ ಸ್ಪೀಡ್ ಹಿಡಿತದಲ್ಲಿಡುವ ಪಿಡಬ್ಲ್ಯುಎಂ ಕೂಡ ಅದರಿಂದಲೇ. ಮೋಟರನ್ನು 5 ಅಥವಾ 6ಕ್ಕೆ ಸರಿಸಿ. ಬಜರಿಗೆ, ಒಳಗೇ ಸರ್ಕ್ಯೂಟ್ ಇದ್ದು ಬರೀ ಪವರ್ ಕೊಟ್ಟರೆ ಕೂಗುವ ಥರದ್ದು ಹಾಕಿ.

ಗಣಪತಿ ಮಂಟಪಕ್ಕೆ ಬಣ್ಣದ ಎಲ್‌ಇಡಿ ಸ್ಟ್ರಿಪ್ ಹಾಕಿದ್ದೀವಿ. ಸ್ಟ್ರಿಪ್ ಓಡುವಾಗ ರಿಮೋಟ್ ಕೇಳೋದೇ ಇಲ್ಲ.

ಪ್ರತಿ ವರ್ಷ ಗಣೇಶೋತ್ಸವಕ್ಕೆ ಒಂದು ವಾರ ಇರುವಾಗ ಈ ಪ್ರಶ್ನೆ ಬರುತ್ತದೆ, ಬರದಿದ್ದರೆ ನನಗೇ ಬೇಜಾರು. ಡಬ್ಲ್ಯುಎಸ್ 2812 ಸ್ಟ್ರಿಪ್ಪಿಗೆ ಡೇಟಾ ಕಳಿಸುವಾಗ ಸಮಯ ಒಂಚೂರೂ ತಪ್ಪಬಾರದು. ಅದಕ್ಕಾಗಿ ಊನೋದಲ್ಲಿ ಅದರ ಲೈಬ್ರರಿ ಇಂಟರಪ್ಟ್‌ಗಳನ್ನೆಲ್ಲ ಬಂದ್ ಮಾಡುತ್ತದೆ. ಒಂದು ಎಲ್‌ಇಡಿಗೆ 24 ಬಿಟ್, ಅಂದರೆ 30 ಮೈಕ್ರೋಸೆಕೆಂಡ್. 100 ಎಲ್‌ಇಡಿಗೆ 3 ಮಿಲಿಸೆಕೆಂಡ್. ಅತ್ತ ಐಆರ್ ಲೈಬ್ರರಿ 50 ಮೈಕ್ರೋಸೆಕೆಂಡಿಗೊಮ್ಮೆ ಇಂಟರಪ್ಟಿನಲ್ಲಿ ಪಿನ್ ನೋಡಬೇಕು. 3 ಮಿಲಿಸೆಕೆಂಡ್ ಕಣ್ಣು ಮುಚ್ಚಿದರೆ ಎರಡು ಮೂರು ಬಿಟ್ ಹೋಯಿತು, ಒಂದು ಬಿಟ್ ಹೋದರೂ ಇಡೀ ಕೋಡ್ ಹೋಯಿತು.

ಮೂರು ದಾರಿ ಇವೆ. ಸ್ಟ್ರಿಪ್ಪಿಗೆ ಬರೆಯುವ ಮೊದಲು ರಿಸೀವರ್ ಬಿಡುವಾಗಿದೆಯಾ ಅಂತ "ಈಸ್‌ಐಡಲ್" ಕೇಳಿ, ಬಣ್ಣ ಬದಲಾದಾಗ ಮಾತ್ರ ಬರೆಯಿರಿ. ನಿಧಾನದ ಡಿಸೈನಿಗೆ ಇದು ಸಾಕು, ಓಡುವ ಡಿಸೈನಿಗೆ ಸಾಲದು. ಎರಡನೆಯದು, ಕ್ಲಾಕ್ ತಂತಿ ಬೇರೆ ಇರುವ ಎಪಿಎ 102 ಥರದ ಸ್ಟ್ರಿಪ್. ಅದಕ್ಕೆ ಇಂಟರಪ್ಟ್ ಬಂದ್ ಮಾಡಬೇಕಿಲ್ಲ, ಬೆಲೆ ಜಾಸ್ತಿ. ನನಗೆ ಇಷ್ಟವಾದದ್ದು ಮೂರನೆಯದು: ಐಆರ್ ಕೇಳಲು ಇನ್ನೊಂದು ಅಗ್ಗದ ಆರ್ಡುಯಿನೋ ನ್ಯಾನೋ ಇಟ್ಟು, ಬಟನ್ನಿಗೆ ಒಂದೇ ಬೈಟ್ ಸೀರಿಯಲ್ಲಿನಲ್ಲಿ ಕಳಿಸುವುದು. ಸೀರಿಯಲ್ಲಿನ ಹಾರ್ಡ್‌ವೇರ್ ಆ ಒಂದು ಬೈಟನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಇಂಟರಪ್ಟ್ ತಡವಾದರೂ ಕಳೆದುಹೋಗುವುದಿಲ್ಲ. ಎರಡು ಬೋರ್ಡಿನ ಗ್ರೌಂಡ್ ಸೇರಿಸಿ.

ಟಿವಿ ರಿಮೋಟ್ ಓದುತ್ತೆ, ಎಸಿ ರಿಮೋಟ್ ಮಾತ್ರ ಅರ್ಧಂಬರ್ಧ.

ಟಿವಿ ರಿಮೋಟ್ "ಬಟನ್ ಇದು" ಅನ್ನುತ್ತದೆ ಅಷ್ಟೇ. ಎಸಿ ರಿಮೋಟ್ ಪ್ರತಿ ಸಲ ಇಡೀ ಪುರಾಣ ಹೇಳುತ್ತದೆ: ಮೋಡ್, ಟೆಂಪರೇಚರ್, ಫ್ಯಾನ್, ಸ್ವಿಂಗ್, ಟೈಮರ್. ನೂರಕ್ಕೂ ಜಾಸ್ತಿ ಬಿಟ್ ಇರಬಹುದು, ನಡುವೆ ಉಸಿರು ತೆಗೆದುಕೊಳ್ಳುವ ಗ್ಯಾಪ್ ಬೇರೆ. ಲೈಬ್ರರಿಯ ಬಫರ್, ಅಂದರೆ ಕೇಳಿದ್ದನ್ನು ತುಂಬಿಡುವ ಜಾಗ, ಚಿಕ್ಕದಿದ್ದರೆ ಅರ್ಧಕ್ಕೇ ತುಂಬುತ್ತದೆ. ಟೈಮ್‌ಔಟ್ ಚಿಕ್ಕದಿದ್ದರೆ ಗ್ಯಾಪಿನಲ್ಲೇ "ಮುಗಿಯಿತು" ಅಂದುಕೊಳ್ಳುತ್ತದೆ. ಊನೋದ 2 ಕೆಬಿ ಮೆಮೊರಿಯಲ್ಲಿ ಒದ್ದಾಡುವ ಬದಲು ಇಎಸ್‌ಪಿ ಬೋರ್ಡಿಗೆ ಹೋಗಿ. ಅದರ ಐಆರ್ ಲೈಬ್ರರಿಯ ಡಂಪ್ ಉದಾಹರಣೆಯಲ್ಲಿ ಬಫರ್ 1024, ಎಸಿಗಾಗಿ ಟೈಮ್‌ಔಟ್ 50 ಮಿಲಿಸೆಕೆಂಡ್ ಇಟ್ಟಿದ್ದಾರೆ, ಅಲ್ಲಿಂದಲೇ ಶುರು ಮಾಡಿ. "24 ಡಿಗ್ರಿ ಬಟನ್ನಿನ ಕೋಡ್ ಯಾವುದು" ಅಂತ ಮಾತ್ರ ಹುಡುಕಬೇಡಿ, ಅಂಥದ್ದು ಇಲ್ಲ.

ಬಾಗಿಲಿಗೆ 38 ಕಿಲೋಹರ್ಟ್ಸ್ ಬೆಳಕು ಬಿಟ್ಟು, ಯಾರಾದ್ರೂ ದಾಟಿದ್ರೆ ಬೆಲ್ ಆಗೋ ಹಾಗೆ ಮಾಡಿದೆ. ಒಂದು ಕ್ಷಣ ಕಂಡು ಆಮೇಲೆ ರಿಸೀವರ್ ಕುರುಡಾಗುತ್ತೆ.

ಅದು ಕೆಟ್ಟಿಲ್ಲ, ಹೇಳಿಕೊಟ್ಟ ಹಾಗೇ ಮಾಡುತ್ತಿದೆ. ನಿಲ್ಲದೆ ಬರುವ 38 ಕಿಲೋಹರ್ಟ್ಸನ್ನು ಟ್ಯೂಬ್‌ಲೈಟಿನ ಗಲಾಟೆ ಅಂದುಕೊಂಡು ಗೇನ್ ಇಳಿಸಿಬಿಡುತ್ತದೆ. ಬೆಳಕನ್ನು ತುಂಡು ತುಂಡಾಗಿ ಕಳಿಸಿ: 560 ಮೈಕ್ರೋಸೆಕೆಂಡ್ ಬೆಳಕು, ಆಮೇಲೆ ಹಲವು ಮಿಲಿಸೆಕೆಂಡ್ ಮೌನ. ಇಲ್ಲವೇ ಟಿಎಸ್‌ಎಸ್‌ಪಿ 4038 ಥರ, ಗೇನ್ ಬದಲಿಸದ ರಿಸೀವರ್ ಹುಡುಕಿ.

ಲಾಜಿಕ್ ಅನಲೈಜರ್ ತಗೊಂಡ್ರೆ ಉಪಯೋಗ ಇದೆಯಾ?

ಇದೆ. ಪಿನ್ ಹೈ-ಲೋ ಆಗುವುದನ್ನು ಕಂಪ್ಯೂಟರಿನಲ್ಲಿ ಗೆರೆಯಾಗಿ ತೋರಿಸುತ್ತದೆ. ಯುಎಸ್‌ಬಿಗೆ ಸಿಕ್ಕಿಸುವ ಎಂಟು ಚಾನೆಲ್ಲಿನ ಅಗ್ಗದ್ದೇ ಸಾಕು. ಪಲ್ಸ್‌ವ್ಯೂ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಎನ್‌ಇಸಿ, ಆರ್‌ಸಿ5 ಡಿಕೋಡರ್‌ಗಳು ಇವೆ. ಎನ್‌ಇಸಿ ಆದರೆ ಮೊದಲು 9 ಮಿಲಿಸೆಕೆಂಡ್ ಲೋ, ಆಮೇಲೆ 4.5 ಹೈ, ನಂತರ 560 ಮೈಕ್ರೋಸೆಕೆಂಡಿನ ತುಂಡುಗಳು. ತುಂಡಿನ ನಂತರ 560ರಷ್ಟೇ ಗ್ಯಾಪ್ ಇದ್ದರೆ ಸೊನ್ನೆ, ಸುಮಾರು 1,690 ಇದ್ದರೆ ಒಂದು. ರಿಸೀವರ್ ಈ ತುಂಡುಗಳನ್ನು ಸ್ವಲ್ಪ ಹಿಗ್ಗಿಸುತ್ತದೆ. 560ರ ಬದಲು 640 ಕಂಡರೆ ಚಿಂತೆ ಬೇಡ.

ಅನಲೈಜರ್ ಇಲ್ಲದಿದ್ದರೆ ಲೈಬ್ರರಿ ತೆಗೆದು, "ಪಲ್ಸ್‌ಇನ್" ಫಂಕ್ಷನ್ನಿನಿಂದ ಲೋ ಅಗಲವನ್ನು ಅಳೆದು ಪ್ರಿಂಟ್ ಮಾಡಿ. 9,000ದ ಹತ್ತಿರದ ಒಂದು ಅಂಕಿ ಕಂಡರೆ ಪಿನ್ ತನಕ ಎಲ್ಲ ಸರಿ. ಈಗ ಕೋಡ್ ಬಿಚ್ಚಿ, ಧೈರ್ಯವಾಗಿ ಬೈಯಿರಿ.

ಇಷ್ಟೆಲ್ಲ ಮಾಡಿದೆ ಮಾಮ. ರಿಸೀವರ್ ಸತ್ತಿದೆ ಅಂತ ಯಾವಾಗ ಒಪ್ಪಿಕೊಳ್ಳೋದು?

ಡೇಟಾಶೀಟ್ ನೋಡಿ ಕಾಲು ಜೋಡಿಸಿಯಾಗಿದೆ, ರಿಮೋಟ್ ಕ್ಯಾಮೆರಾದಲ್ಲಿ ಮಿಣುಕಿದೆ, ಲೈಟ್ ಆರಿಸಿಯಾಗಿದೆ, ಆದರೂ ಔಟ್‌ಪುಟ್ ಅಲುಗಾಡುತ್ತಿಲ್ಲ. ಈಗ ಅದೇ ತೂತುಗಳಿಗೆ, ಅದೇ ನಂಬರಿನ ಇನ್ನೊಂದು ರಿಸೀವರ್ ಚುಚ್ಚಿ. ಅದು ಮಾತಾಡಿದರೆ ಮೊದಲಿನದು ಸತ್ತಿದೆ. ಅದೂ ಮಾತಾಡದಿದ್ದರೆ ಬ್ರೆಡ್‌ಬೋರ್ಡಿನ ಆ ಸಾಲೇ ಸಡಿಲ. ಅದಕ್ಕೇ ಒಂದು ಬೇಕಿದ್ದರೆ ಐದು ತನ್ನಿ. ಒಂದಕ್ಕಾಗಿ ದಾದರಿನಲ್ಲಿ ಗಾಡಿ ಬದಲಿಸಿ ಎರಡನೇ ಸಲ ಗ್ರ್ಯಾಂಟ್ ರೋಡಿಗೆ ಹೋಗುವ ಟಿಕೆಟ್ಟು ರಿಸೀವರಿಗಿಂತ ದುಬಾರಿ. ಭಾನುವಾರವಂತೂ ಹೋಗಬೇಡಿ, ಅಲ್ಲಿ ಹೆಚ್ಚಿನ ಅಂಗಡಿಗಳು ಬಂದ್.